ಸುಂಕದವನ ಕಿವಿ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯನ್ನು ನಾನು ಬಹಳ ಕಾಲ ಒಂದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದೆ. ಸುಂಕದವನಿಗೆ ಕಿವಿಯಿಲ್ಲ. ಗಾಡಿ ನಿಲ್ಲಿಸು, ಮೂಟೆ ಎಣಿಸು, ದುಡ್ಡು ಇಡು, ಮುಂದಕ್ಕೆ ಹೋಗು. ಮಗಳ ಮದುವೆ, ಎತ್ತಿನ ಕಾಯಿಲೆ, ಊರಿನ ಬರ, ಇವು ಯಾವುವೂ ಅವನ ಕಡತಕ್ಕೆ ಸೇರುವ ಸಂಗತಿಗಳಲ್ಲ. ಅಧಿಕಾರದ ಕಿವುಡುತನವನ್ನು ಇಷ್ಟು ಚಿಕ್ಕದಾಗಿ ಹೇಳಿದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ ಎಂದು ತರಗತಿಯಲ್ಲಿ ಪಾಠ ಮಾಡಿಯೂ ಇದ್ದೇನೆ.

ಈಗ ಆ ಓದು ಅರ್ಧ ಮಾತ್ರ ಸರಿ ಅನ್ನಿಸುತ್ತಿದೆ. ಹಾಗನ್ನಿಸಲು ಕಾರಣ 2025ರ ಆಗಸ್ಟಿನಲ್ಲಿ ನಾನು ತಿದ್ದಿದ ಒಂದು ಪ್ರಬಂಧ. ಪದವಿ ತರಗತಿಯ ಹುಡುಗಿಯೊಬ್ಬಳು ತೆರಿಗೆಯ ಬಗ್ಗೆ ಬರೆದಿದ್ದಳು. ಕೊನೆಯ ಸಾಲಿನಲ್ಲಿ, ನಮ್ಮಲ್ಲಿ ದೊಡ್ಡ ತೆರಿಗೆ ಸುಧಾರಣೆಗಳು ಆಗದಿರುವುದಕ್ಕೆ ರಾಜಕೀಯ ಇಚ್ಛಾಶಕ್ತಿಯ ಕೊರತೆಯೇ ಕಾರಣ ಎಂದಿತ್ತು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ‘ಸವೆದ ಮಾತು, ನಿಜವಾದ ಕಾರಣ ಬರೆ’ ಎಂದು ಪಕ್ಕದಲ್ಲಿ ಗೀಚಿದೆ. ಮರುದಿನ ಅವಳು ಸ್ಟಾಫ್ ರೂಮಿಗೆ ಬಂದು ನಿಂತಳು. ‘ಸರ್, ನಿಜವಾದ ಕಾರಣ ಏನು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಬಾಮ್ಮ ಎಂದೆ. ಆ ನಾಳೆ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಈ ನಡುವೆ ನಾನು ಹಳೆಯ ವರದಿಗಳನ್ನೂ ಬಜೆಟ್ ಭಾಷಣಗಳನ್ನೂ ಮಸೂದೆಗಳ ಕತೆಯನ್ನೂ ಓದುತ್ತಾ ಕುಳಿತೆ. ಅರ್ಥಶಾಸ್ತ್ರ ನನ್ನ ವಿಷಯವಲ್ಲ. ಪಠ್ಯಗಳನ್ನು ಓದುವುದಷ್ಟೇ ನನಗೆ ಗೊತ್ತಿರುವ ಕೆಲಸ. ಆದ್ದರಿಂದ ಇದನ್ನು ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದುಕೊಳ್ಳಬೇಕು.

ಮೊದಲು ಆ ‘ಇಚ್ಛಾಶಕ್ತಿ’ಯನ್ನೇ ನೋಡೋಣ. ಪ್ರತಿ ಫೆಬ್ರವರಿಯಲ್ಲಿ ನಮ್ಮ ಸಂಪಾದಕೀಯಗಳಲ್ಲಿ ಕಾಣಿಸಿಕೊಳ್ಳುವ ಈ ಪದದ ಒಳಗೆ ಒಂದು ಕಥಾವಸ್ತು ಅಡಗಿದೆ. ಅದರಲ್ಲಿ ದಾರಿ ಎಲ್ಲರಿಗೂ ಗೊತ್ತಿದೆ, ನಡೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಒಬ್ಬ ವೀರ ಬಂದರೆ ಸಾಕು, ಕತೆ ಸುಖಾಂತ. ಆದರೆ ಇಚ್ಛಾಶಕ್ತಿ ಉಕ್ಕಿ ಹರಿದ ಕಡೆ ಏನಾಯಿತು? ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಅವರಲ್ಲಿ ಅದಕ್ಕೆ ಕೊರತೆ ಇತ್ತು ಎಂದು ಅವರ ಶತ್ರುಗಳೂ ಹೇಳಲಾರರು. ಮನೆಯ ಬೆಲೆಯ ಮೇಲಿದ್ದ ಸ್ಥಳೀಯ ತೆರಿಗೆಯನ್ನು ಕಿತ್ತುಹಾಕಿ ಅವರು ತಲೆಗಂದಾಯ ತಂದರು: 1989ರಲ್ಲಿ ಸ್ಕಾಟ್ಲೆಂಡಿಗೆ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಬಂಗಲೆಯವನೂ ಒಂದು ಕೋಣೆಯವನೂ ಹೆಚ್ಚುಕಡಿಮೆ ಒಂದೇ ಮೊತ್ತ ಕಟ್ಟಬೇಕಾಯಿತು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು. ನವೆಂಬರಿನಲ್ಲಿ ಥ್ಯಾಚರ್ ರಾಜೀನಾಮೆ ಕೊಟ್ಟರು. ಕಾರಣಗಳು ಬೇರೆಯೂ ಇದ್ದವು, ಆದರೆ ಇದೂ ಒಂದು. 1993ರಲ್ಲಿ ಬದಲಿ ತೆರಿಗೆ ಬಂತು. ಅದಕ್ಕೆ ಮನೆಗಳ 1991ರ ಬೆಲೆಯನ್ನು ಆಧಾರವಾಗಿಟ್ಟುಕೊಂಡರು. ಇಂಗ್ಲೆಂಡಿನಲ್ಲಿ ಇವತ್ತಿಗೂ ಆ 1991ರ ಬೆಲೆಯೇ ಲೆಕ್ಕ. ಅಲ್ಲಿಂದೀಚೆಗೆ ಎಷ್ಟೋ ಪ್ರಧಾನಿಗಳು ಬಂದುಹೋದರು. ಹೊಸದಾಗಿ ಬೆಲೆ ಕಟ್ಟುವ ಕೆಲಸವನ್ನು ಒಬ್ಬರೂ ಮಾಡಿ ಮುಗಿಸಲಿಲ್ಲ. ಒಬ್ಬರ ಅತಿಯಾದ ಇಚ್ಛಾಶಕ್ತಿ ಮುಂದಿನ ಒಂದು ತಲೆಮಾರಿನ ಕೈ ಕಟ್ಟಿಹಾಕಿತು.

ಹಾಗಾದರೆ ಬೇರೆ ಕಾರಣ ಹುಡುಕಬೇಕು. ನನಗೆ ಅದು ಸಿಕ್ಕಿದ್ದು ನಾನು ನಿರೀಕ್ಷಿಸದ ಜಾಗದಲ್ಲಿ, ಹಳಗನ್ನಡದ ಶಾಸನಗಳಲ್ಲಿ.

ಶಾಸನ ಎಂದರೆ ನಮಗೆ ಯುದ್ಧ, ವಂಶಾವಳಿ, ವೀರಗಲ್ಲು ನೆನಪಾಗುತ್ತವೆ. ಆದರೆ ಕನ್ನಡ ನಾಡಿನ ಶಾಸನಗಳಲ್ಲಿ ದೊಡ್ಡ ಪಾಲು ದಾನಶಾಸನಗಳದ್ದು. ತೆರಿಗೆಯ ಕಣ್ಣಿನಿಂದ ನೋಡಿದರೆ ಅವುಗಳಲ್ಲಿ ಅನೇಕವು ವಿನಾಯಿತಿ ಪತ್ರಗಳು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳ ಹೆಸರು ಬರುತ್ತವೆ. ಕಿರುಕುಳ ಎಂಬ ಪದವೂ ಬರುತ್ತದೆ. ಅಲ್ಲಿ ಅದು ಸಣ್ಣಪುಟ್ಟ ಬಾಬುಗಳ ಮೇಲಿನ ಸುಂಕ. ಇವತ್ತು ಆ ಪದಕ್ಕೆ ಏನರ್ಥ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಂಥ ಸುಂಕಗಳಿಂದ ಒಂದು ದೇವಾಲಯವನ್ನೋ ಅಗ್ರಹಾರವನ್ನೋ ಬಿಡಿಸಿ ‘ಸರ್ವಮಾನ್ಯ’ ಎಂದೂ ‘ಸರ್ವಬಾಧಾ ಪರಿಹಾರ’ ಎಂದೂ ಕೊರೆಸುತ್ತಾರೆ. ಮೇಲೆ ಸೂರ್ಯ ಚಂದ್ರರ ಚಿತ್ರ. ಅವರಿಬ್ಬರು ಇರುವ ತನಕ ಈ ವಿನಾಯಿತಿಯೂ ಇರತಕ್ಕದ್ದು. ಕೊನೆಯಲ್ಲಿ ಶಾಪಾಶಯ: ಇದನ್ನು ಕಾಪಾಡಿದವರಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಪುಣ್ಯ, ಅಳಿದವರಿಗೆ ಅಲ್ಲೇ ಗೋಹತ್ಯೆ ಮಾಡಿದ ಪಾಪ.

ಆ ಶಾಪ ಯಾರನ್ನು ಉದ್ದೇಶಿಸಿದ್ದು? ಕಳ್ಳನನ್ನಲ್ಲ. ಮುಂದೆಂದೋ ಬರುವ ರಾಜನನ್ನು, ಖಜಾನೆ ಬರಿದಾಗಿದೆ ಎಂದು ಹಳೆಯ ವಿನಾಯಿತಿಗಳನ್ನು ಮರಳಿ ಪಡೆಯಲು ಹೊರಡುವವನನ್ನು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ತೆರಿಗೆ ಸುಧಾರಕನನ್ನು. ವಿನಾಯಿತಿ ಕೊಡುವಾಗಲೇ ಅದನ್ನು ಕಿತ್ತುಕೊಳ್ಳುವವನಿಗೆ ಶಾಪ ಹಾಕಿಡುವ ಪದ್ಧತಿ ನಮ್ಮಲ್ಲಿ ಅಷ್ಟು ಹಳೆಯದು. ಈಗ ಕಲ್ಲಿನ ಬದಲು ಅಧಿಸೂಚನೆ, ಶಾಪದ ಬದಲು ಚುನಾವಣೆ.

ಗಾದೆಯ ಉಳಿದರ್ಧ ನನಗೆ ಹೊಳೆದದ್ದು ಇಲ್ಲೇ. ಸುಂಕದ ಕಟ್ಟೆಯಲ್ಲಿ ನಿಂತವನಿಗೆ ಕಿವಿಯಿಲ್ಲ, ನಿಜ. ಕಿವಿ ಇರುವುದು ಅರಮನೆಯಲ್ಲಿ. ಅಲ್ಲಿಯವರೆಗೆ ಹೋಗಿ ಸುಖದುಃಖ ಹೇಳಿಕೊಳ್ಳಬಲ್ಲವನಿಗೆ ಸರ್ವಮಾನ್ಯ ಸಿಗುತ್ತದೆ, ಗಾಡಿಯವನಿಗೆ ಗಾದೆ ಸಿಗುತ್ತದೆ. ತೆರಿಗೆ ಕಾನೂನು ಎಂದರೆ ಅರಮನೆ ಕಿವಿಗೊಟ್ಟು ಕೇಳಿದ ಕತೆಗಳ ಸಂಕಲನ. ಒಂದೊಂದು ವಿನಾಯಿತಿಯ ಹಿಂದೆಯೂ ಹೆಸರಿರುವ, ಮುಖವಿರುವ, ಇದನ್ನು ತೆಗೆದರೆ ನಾನು ಕೆಟ್ಟೆ ಎನ್ನುವ ಒಬ್ಬನಿದ್ದಾನೆ. ಸುಧಾರಣೆಯ ಹಿಂದೆ ಇರುವುದು ಬರೀ ಒಂದು ಭರವಸೆ: ಮುಂದೆ ಎಲ್ಲರಿಗೂ ಒಳ್ಳೆಯದಾಗುತ್ತದೆ. ‘ಎಲ್ಲರೂ’ ಎಂಬ ಪಾತ್ರಕ್ಕೆ ಮುಖವಿಲ್ಲ, ಅವರು ಅರ್ಜಿ ಹಿಡಿದು ಬರುವುದೂ ಇಲ್ಲ.

ಈ ಮಾತನ್ನು ಮೂರು ನಾಲ್ಕು ನಿಜವಾದ ಪ್ರಸಂಗಗಳಲ್ಲಿ ಒರೆಗೆ ಹಚ್ಚಬೇಕು.

1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಭಾರತಕ್ಕೆ ಬಂದರು. ಎರಡನೆಯ ಪಂಚವಾರ್ಷಿಕ ಯೋಜನೆಗೆ ಹಣ ಬೇಕಿತ್ತು, ಇದ್ದ ತೆರಿಗೆಯಿಂದ ಅದು ಬರುವಂತಿರಲಿಲ್ಲ. ಭಾರತದ ತೆರಿಗೆ ಸುಧಾರಣೆ ಕುರಿತು ಅವರು ಅದೇ ವರ್ಷ ಕೊಟ್ಟ ವರದಿ ಓದಲು ಚೆಂದದ ಪಠ್ಯ. ಅದರಲ್ಲಿ ಒಂದು ಬಲೆಯ ಕಲ್ಪನೆ ಇದೆ. ಆದಾಯ ತೆರಿಗೆಯೊಂದೇ ಇದ್ದರೆ ಶ್ರೀಮಂತ ತಪ್ಪಿಸಿಕೊಳ್ಳುತ್ತಾನೆ. ಅದರ ಜೊತೆಗೆ ಬಂಡವಾಳ ಲಾಭದ ಮೇಲೆ, ಸಂಪತ್ತಿನ ಮೇಲೆ, ಖರ್ಚಿನ ಮೇಲೆ, ದಾನದ ಮೇಲೆ ತೆರಿಗೆ ಹಾಕಿ, ಐದಕ್ಕೂ ಒಂದೇ ಲೆಕ್ಕಪತ್ರ ಮಾಡಿ. ಆಗ ಆದಾಯ ಮುಚ್ಚಿಟ್ಟವನು ಕೊಂಡ ಆಸ್ತಿ ಸಂಪತ್ತಿನ ಲೆಕ್ಕದಲ್ಲಿ ಕಾಣಿಸುತ್ತದೆ. ಆಸ್ತಿಯನ್ನು ತಮ್ಮನಿಗೆ ಕೊಟ್ಟೆ ಎಂದರೆ ದಾನದ ಲೆಕ್ಕಕ್ಕೆ ಬರುತ್ತದೆ. ಮಾರಿ ಮಜಾ ಮಾಡಿದೆ ಎಂದರೆ ಖರ್ಚಿನ ಲೆಕ್ಕದಲ್ಲಿ ಸಿಗುತ್ತದೆ. ಒಬ್ಬನ ಮಾರಾಟ ಇನ್ನೊಬ್ಬನ ಖರೀದಿಯಾದ್ದರಿಂದ ಜನರ ಲೆಕ್ಕಗಳೇ ಒಂದನ್ನೊಂದು ಕಾಯುತ್ತವೆ. ಇದಕ್ಕೆ ಪ್ರತಿಯಾಗಿ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 45ಕ್ಕೆ ಇಳಿಸಿ ಎಂದೂ ಅವರು ಹೇಳಿದರು. ಕಾಗದದ ಮೇಲೆ ದೊಡ್ಡ ದರ ಇಟ್ಟು ಬಾಗಿಲಲ್ಲಿ ಬಿಟ್ಟುಕೊಡುವುದಕ್ಕಿಂತ ಸಣ್ಣ ದರ ಹಾಕಿ ನಿಜವಾಗಿ ವಸೂಲಿ ಮಾಡುವುದು ಮೇಲು ಎಂಬುದು ವಾದ.

ಆಗಿನ ಸರ್ಕಾರ ಹೆದರಿ ಹಿಂದೆ ಸರಿಯಿತೇ? ಇಲ್ಲ. ಹಣಕಾಸು ಸಚಿವರಾಗಿದ್ದ ಟಿ.ಟಿ. ಕೃಷ್ಣಮಾಚಾರಿ ಬಂಡವಾಳ ಲಾಭದ ತೆರಿಗೆಯನ್ನು 1956ರಲ್ಲೇ ಮರಳಿ ತಂದರು. 1957ರ ಬಜೆಟ್ಟಿನಲ್ಲಿ ಸಂಪತ್ತಿನ ತೆರಿಗೆ, ಖರ್ಚಿನ ತೆರಿಗೆ ಬಂದವು. ಖರ್ಚಿನ ತೆರಿಗೆ ಆಗ ಜಗತ್ತಿನಲ್ಲಿ ಬೇರೆಲ್ಲೂ ಜಾರಿಯಲ್ಲಿರಲಿಲ್ಲ. ಮರುವರ್ಷ ಅವರು ರಾಜೀನಾಮೆ ಕೊಟ್ಟಾಗ ಪ್ರಧಾನಿ ನೆಹರೂ ತಾವೇ ಬಜೆಟ್ ಮಂಡಿಸಿ ದಾನ ತೆರಿಗೆಯನ್ನೂ ಸೇರಿಸಿದರು. ಇಚ್ಛಾಶಕ್ತಿಗೆ ಇದಕ್ಕಿಂತ ಉದಾಹರಣೆ ಬೇಕೆ?

ಆದರೆ ಬಲೆ ಬಲೆಯಾಗಿ ಬರಲಿಲ್ಲ, ಬಿಡಿ ಬಿಡಿ ದಾರಗಳಾಗಿ ಬಂತು. ಒಂದೊಂದಕ್ಕೂ ಪ್ರತ್ಯೇಕ ಕಾಯ್ದೆ, ಒಂದೊಂದರಲ್ಲೂ ಪ್ರತ್ಯೇಕ ವಿನಾಯಿತಿ. ದರ ಇಳಿಸಿ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಿಗೆ ಏರುತ್ತ ಹೋಗಿ 1973–74ರಲ್ಲಿ ಗರಿಷ್ಠ ದರ ಶೇ. 97.75 ಮುಟ್ಟಿತು. ನೂರು ರೂಪಾಯಿ ದುಡಿದರೆ ಕೊನೆಯ ಮೆಟ್ಟಿಲಿನಲ್ಲಿ ಎರಡೂಕಾಲು ರೂಪಾಯಿ ಉಳಿಯುವ ಲೆಕ್ಕ. ಅಂಥ ದರವನ್ನು ಯಾರೂ ಕಟ್ಟುವುದಿಲ್ಲ ಎಂದು ಹಾಕಿದವರಿಗೂ ಗೊತ್ತು. ಅದು ವಸೂಲಿಗೆ ಹಾಕಿದ ದರವಲ್ಲ, ಓದಿಸಿಕೊಳ್ಳಲು ಬರೆದ ದರ. ಖರ್ಚಿನ ತೆರಿಗೆ 1958ರಲ್ಲಿ ಜಾರಿಗೆ ಬಂದು 1962ರಲ್ಲಿ ರದ್ದಾಯಿತು, 1964ರಲ್ಲಿ ಮರುಹುಟ್ಟು ಪಡೆದು 1966ರಲ್ಲಿ ಮತ್ತೆ ಸತ್ತಿತು. ದಾನ ತೆರಿಗೆ 1998ರಲ್ಲಿ ಹೋಯಿತು, ಸಂಪತ್ತಿನ ತೆರಿಗೆ 2015ರ ಬಜೆಟ್ಟಿನಲ್ಲಿ. ಇದರ ನಡುವೆ ಹಳೆಯ ಕತೆಗಳು ಹಾಗೇ ಉಳಿದವು. ಹಿಂದೂ ಅವಿಭಕ್ತ ಕುಟುಂಬ ನಮ್ಮ ಕಾದಂಬರಿಗಳಲ್ಲಿ ಒಡೆದು ಎಷ್ಟೋ ದಶಕಗಳಾದವು. ಆದಾಯ ತೆರಿಗೆ ಕಾನೂನಿನಲ್ಲಿ ಮಾತ್ರ ಅದು ಇನ್ನೂ ಒಂದೇ ಒಲೆಯ ಮೇಲೆ ಅಡುಗೆ ಮಾಡಿಕೊಂಡು, ತನ್ನದೇ ಹೆಸರಿನಲ್ಲಿ ಲೆಕ್ಕಪತ್ರ ಸಲ್ಲಿಸುತ್ತಿದೆ.

ಶ್ರೀಮಂತರ ಈ ಕತೆ ಓದಿ ನಾನೂ ಮೊದಲು ತೃಪ್ತಿಯಿಂದ ತಲೆದೂಗಿದೆ. ಆಮೇಲೆ ನನ್ನ ಸಂಬಳದ ಚೀಟಿ ನೆನಪಾಯಿತು.

2009ರಲ್ಲಿ ಕೇಂದ್ರ ಸರ್ಕಾರ ನೇರ ತೆರಿಗೆ ಸಂಹಿತೆಯ ಕರಡು ಪ್ರಕಟಿಸಿತು. 1961ರ ಕಾಯ್ದೆಯ ಜಾಗಕ್ಕೆ ಸರಳವಾದ ಹೊಸ ಕಾನೂನು, ಕಡಿಮೆ ವಿನಾಯಿತಿ, ಅಗಲವಾದ ಹಂತಗಳು. ಅದರಲ್ಲಿ ಒಂದು ಅಂಶ ಇತ್ತು: ಭವಿಷ್ಯ ನಿಧಿಯಂಥ ಉಳಿತಾಯಕ್ಕೆ ಹಣ ಹಾಕುವಾಗ ತೆರಿಗೆ ಇಲ್ಲ, ಬೆಳೆಯುವಾಗ ಇಲ್ಲ, ವಾಪಸು ಪಡೆಯುವಾಗ ಇದೆ. ಸಂಬಳದಾರರು ಎದ್ದು ನಿಂತರು. 2010ರ ಪರಿಷ್ಕೃತ ಕರಡಿನಲ್ಲಿ ಸರ್ಕಾರ ಭವಿಷ್ಯ ನಿಧಿಯ ಮಟ್ಟಿಗೆ ಹಿಂದೆ ಸರಿಯಿತು. ಆ ಸಂಹಿತೆ ಮಸೂದೆಯಾಗಿ ಸಂಸತ್ತಿಗೆ ಬಂದರೂ ಕಾನೂನಾಗಲಿಲ್ಲ. 2016ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ನೌಕರರ ಭವಿಷ್ಯ ನಿಧಿಯ ಒಂದು ಭಾಗದ ಮೇಲೆ ತೆರಿಗೆ ಹಾಕಲು ಹೊರಟು, ಬಜೆಟ್ ಮಂಡಿಸಿದ ಎರಡು ವಾರದೊಳಗೆ ಕೈಬಿಟ್ಟಿತು. ಆಗ ಸಿಟ್ಟಾದವರಲ್ಲಿ ನಾನೂ ಒಬ್ಬ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

2020ರ ಬಜೆಟ್ಟಿನಲ್ಲಿ ಸರ್ಕಾರ ಬೇರೊಂದು ಉಪಾಯ ಮಾಡಿತು. ಹಳೆಯ ಮನೆಯನ್ನು ಕೆಡವಲಿಲ್ಲ, ಪಕ್ಕದಲ್ಲಿ ಹೊಸ ಮನೆ ಕಟ್ಟಿತು. ವಿನಾಯಿತಿ ಬಿಟ್ಟುಕೊಟ್ಟರೆ ಕಡಿಮೆ ದರ, ಬೇಡವಾದರೆ ಹಳೆಯದರಲ್ಲೇ ಇರಿ. ನಾನು ಆ ವರ್ಷ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ: ಮನೆ ಸಾಲದ ಬಡ್ಡಿ, ವಿಮೆಯ ಕಂತು, ಭವಿಷ್ಯ ನಿಧಿ. ಹಳೆಯದರಲ್ಲೇ ಉಳಿದೆ. ವಿನಾಯಿತಿಗಳ ಕಾಡು ಕಡಿಯಬೇಕು ಎಂದು ಭಾಷಣ ಮಾಡುವ ನಾನೇ ನನ್ನ ಪಾಲಿನ ಮರವನ್ನು ತಬ್ಬಿಕೊಂಡು ನಿಂತಿದ್ದೆ. ಅರಮನೆಯ ಕಿವಿಗೆ ನನ್ನ ವರ್ಗದ ಸುಖದುಃಖವೂ ತಲುಪಿದೆ. ನಮ್ಮದು ಹಕ್ಕು, ಬೇರೆಯವರದು ಲಾಬಿ ಎಂದು ಕರೆಯುವ ಅಭ್ಯಾಸವಷ್ಟೇ ನಮ್ಮ ಹೆಚ್ಚುಗಾರಿಕೆ.

ಇನ್ನೊಂದು ಪ್ರಸಂಗದಲ್ಲಿ ನಮ್ಮ ಸಾಹಿತ್ಯಕ್ಕೂ ಪಾಲಿದೆ. ಸಂವಿಧಾನದ ಪ್ರಕಾರ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು, ಕೇಂದ್ರದ್ದಲ್ಲ. ಕೆಲವು ರಾಜ್ಯಗಳು ಹಾಕಿದವು. ಕರ್ನಾಟಕದಲ್ಲೂ 1957ರ ಕೃಷಿ ಆದಾಯ ತೆರಿಗೆ ಕಾಯ್ದೆಯಿತ್ತು, ಕಾಫಿಯಂಥ ತೋಟದ ಬೆಳೆಗಾರರು ಅದರಡಿ ತೆರಿಗೆ ಕಟ್ಟಿದ್ದರು. 1972ರಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ ದೊಡ್ಡ ಹಿಡುವಳಿಗಳ ಮೇಲೆ ಏರುದರದ ತೆರಿಗೆಯನ್ನು ಸೂಚಿಸಿತು. ಸಣ್ಣ ರೈತನನ್ನು ಮುಟ್ಟುವ ಉದ್ದೇಶ ಅದಕ್ಕಿರಲಿಲ್ಲ. ವರದಿ ಕಪಾಟು ಸೇರಿತು.

ಇದನ್ನು ಕೊಂದ ಪದ ಯಾವುದು ಎಂದು ಕೇಳಿದರೆ ನಾನು ‘ಅನ್ನದಾತ’ ಎನ್ನುತ್ತೇನೆ. ಅದು ಏಕವಚನದ ಪದ. ಅದರಲ್ಲಿ ಒಂದೂವರೆ ಎಕರೆ ರಾಗಿ ಬೆಳೆದು ಸಾಲದಲ್ಲಿ ಮುಳುಗಿದವನೂ ಇದ್ದಾನೆ, ನೂರಾರು ಎಕರೆ ತೋಟದ ಯಜಮಾನನೂ ಇದ್ದಾನೆ, ಊರ ಹೊರಗೆ ಫಾರ್ಮ್ ಹೌಸ್ ಮಾಡಿ ಬೇರೆ ಆದಾಯವನ್ನು ಮಾವಿನ ಹಣ್ಣಿನ ಲೆಕ್ಕದಲ್ಲಿ ತೋರಿಸುವವನೂ ಇದ್ದಾನೆ. ಮೊದಲನೆಯವನ ಕಣ್ಣೀರು ಉಳಿದಿಬ್ಬರಿಗೆ ಕೊಡೆಯಾಗುತ್ತದೆ. ನಮ್ಮ ಕವಿತೆಗಳು, ಸಿನಿಮಾ ಹಾಡುಗಳು, ಭಾಷಣಗಳು ರೈತನನ್ನು ಒಂದೇ ಪಾತ್ರವಾಗಿ ಚಿತ್ರಿಸಿದ್ದು ಪ್ರೀತಿಯಿಂದಲೇ. ಒಳ್ಳೆಯ ಕಾದಂಬರಿಗಳು ಒಕ್ಕಲಿಗನಿಗೂ ಒಡೆಯನಿಗೂ ಇರುವ ಅಂತರವನ್ನು ಕಾಣಿಸಿದ್ದೂ ನಿಜ. ಆದರೆ ಚರ್ಚೆಯ ಹೊತ್ತಿಗೆ ನಮಗೆ ನೆನಪಾಗುವುದು ಕಾದಂಬರಿಯಲ್ಲ, ಹಾಡು.

ಹಾಗಾದರೆ ದೊಡ್ಡ ಸುಧಾರಣೆ ಆಗುವುದೇ ಇಲ್ಲವೇ? ಆಗಿದೆ. ಜಿಎಸ್‌ಟಿ ಆಯಿತು. ಅದು ಹೇಗಾಯಿತು ಎಂಬುದು ಇಚ್ಛಾಶಕ್ತಿಯ ಕತೆಗಿಂತ ಸ್ವಾರಸ್ಯವಾಗಿದೆ.

2006ರ ಬಜೆಟ್ಟಿನಲ್ಲಿ ಪಿ. ಚಿದಂಬರಂ 2010ರ ಏಪ್ರಿಲ್ ಒಂದರಿಂದ ಜಿಎಸ್‌ಟಿ ಎಂದು ಘೋಷಿಸಿದರು. ಅದು ಬಂದದ್ದು 2017ರ ಜುಲೈ ಒಂದರಂದು. ಅವರ ಸರ್ಕಾರ 2011ರಲ್ಲಿ ತಂದ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಅಂದಿನ ವಿರೋಧ ಪಕ್ಷದ ಆಡಳಿತವಿದ್ದ ಗುಜರಾತ್, ಮಧ್ಯಪ್ರದೇಶ ವಿರೋಧಿಸಿದವು. 2014ರಲ್ಲಿ ಪಾತ್ರಗಳು ಅದಲುಬದಲಾದವು. ವಿರೋಧಿಸಿದವರು ಮಸೂದೆ ತಂದರು, ತಂದವರು ತಕರಾರು ತೆಗೆದರು. ರಾಜ್ಯಸಭೆ ಒಪ್ಪಿದ್ದು 2016ರ ಆಗಸ್ಟಿನಲ್ಲಿ. ಇದನ್ನು ಬರೀ ಬೂಟಾಟಿಕೆ ಎನ್ನುವುದು ಸುಲಭ. ಆದರೆ ಹೆಚ್ಚು ತಯಾರಿಕೆ ಇರುವ ರಾಜ್ಯಗಳ ಹೆದರಿಕೆ ನಿಜವಾದದ್ದು. ಹಳೆಯ ಪದ್ಧತಿಯಲ್ಲಿ ಕೇಂದ್ರೀಯ ಮಾರಾಟ ತೆರಿಗೆ ಸರಕು ಹೊರಡುವ ರಾಜ್ಯಕ್ಕೆ ಸೇರುತ್ತಿತ್ತು; ಜಿಎಸ್‌ಟಿ ಸೇರುವುದು ಸರಕು ಬಳಕೆಯಾಗುವ ರಾಜ್ಯಕ್ಕೆ. ಜೊತೆಗೆ ಒಂದು ಹಳೆಯ ಗಾಯವಿತ್ತು. ಜಿಎಸ್‌ಟಿಗೆ ಸಿದ್ಧತೆಯಾಗಿ ಆ ಮಾರಾಟ ತೆರಿಗೆಯನ್ನು ಶೇ. 4ರಿಂದ 2007ರಲ್ಲಿ 3ಕ್ಕೆ, 2008ರಲ್ಲಿ 2ಕ್ಕೆ ಇಳಿಸಿದಾಗ ಕೊಡುತ್ತೇವೆ ಎಂದಿದ್ದ ಪರಿಹಾರ ಪೂರ್ತಿ ಬರಲಿಲ್ಲ ಎಂದು ರಾಜ್ಯಗಳು ದೂರುತ್ತಿದ್ದವು.

ಬೀಗ ತೆರೆದದ್ದು ಭಾಷಣವಲ್ಲ, ಒಂದು ಬರಹ. 2015–16ರ ವರಮಾನವನ್ನು ಆಧಾರವಾಗಿಟ್ಟು, ವರ್ಷಕ್ಕೆ ಶೇ. 14ರ ಬೆಳವಣಿಗೆ ಲೆಕ್ಕ ಹಾಕಿ, ಅದಕ್ಕೆ ಕಡಿಮೆ ಬಿದ್ದದ್ದನ್ನು ಐದು ವರ್ಷ ಕೇಂದ್ರ ತುಂಬಿಕೊಡುತ್ತದೆ ಎಂದು ಕಾನೂನಿನಲ್ಲೇ ಬರೆದರು. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರಕ್ಕೆ ಮೂರನೆಯ ಒಂದು ಪಾಲು ಮತ, ರಾಜ್ಯಗಳಿಗೆಲ್ಲ ಸೇರಿ ಮೂರನೆಯ ಎರಡು. ತೀರ್ಮಾನಕ್ಕೆ ನಾಲ್ಕನೆಯ ಮೂರು ಪಾಲು ಬೇಕು. ಇಬ್ಬರಲ್ಲಿ ಯಾರೂ ಒಬ್ಬರೇ ನಡೆಯುವಂತಿಲ್ಲ. ಇಷ್ಟಾದರೂ ಪೆಟ್ರೋಲು, ಡೀಸೆಲು, ಮದ್ಯವನ್ನು ಹೊರಗಿಡಬೇಕಾಯಿತು. ‘ಒಂದು ದೇಶ, ಒಂದು ತೆರಿಗೆ’ ಎಂಬ ಘೋಷಣೆಯಡಿ ಬಂದದ್ದು ಸೊನ್ನೆ, 5, 12, 18, 28 ಎಂಬ ಹಲವು ದರಗಳು. ಚಿನ್ನಕ್ಕೆ ಬೇರೆಯದೇ 3. ಅಂದರೆ ರಾಜ್ಯಗಳ ನಂಬಿಕೆಯನ್ನು ಕೊಂಡುಕೊಳ್ಳಬೇಕಾಯಿತು, ಬೆಲೆ ತೆರಬೇಕಾಯಿತು. 2020ರಲ್ಲಿ ಕೊರೋನಾ ಬಂದು ವರಮಾನ ಬಿದ್ದಾಗ ಆ ಬರಹಕ್ಕೆ ಪರೀಕ್ಷೆ ಬಂತು. ಕೊರತೆಗೆ ರಾಜ್ಯಗಳೇ ಸಾಲ ಮಾಡಲಿ ಎಂದು ಕೇಂದ್ರ ಮೊದಲು ಹೇಳಿತು, ಜಗಳವಾದ ಮೇಲೆ ತಾನೇ ಸಾಲ ಎತ್ತಿ ಕೊಟ್ಟಿತು. ಮುಂದೊಂದು ದಿನ ಪೆಟ್ರೋಲನ್ನು ಜಿಎಸ್‌ಟಿಗೆ ಸೇರಿಸೋಣ ಎಂದಾಗ ರಾಜ್ಯಗಳಿಗೆ ನೆನಪಾಗುವುದು ಕೊನೆಗೆ ಬಂದ ಹಣವಲ್ಲ, ಮೊದಲು ಕೇಳಿದ ಮಾತು.

ದರಪಟ್ಟಿಯನ್ನು ಸಾಹಿತ್ಯ ಕೃತಿಯಂತೆ ಓದಿದರೆ ಅಲ್ಲಿ ಯಾರ ಕತೆ ಕೇಳಿಸಿದೆ ಎಂಬುದು ತಿಳಿಯುತ್ತದೆ. 2017ರಲ್ಲಿ ಕುಂಕುಮಕ್ಕೆ, ಗಾಜಿನ ಬಳೆಗೆ ತೆರಿಗೆ ಇರಲಿಲ್ಲ. ಸ್ಯಾನಿಟರಿ ಪ್ಯಾಡಿಗೆ ಶೇ. 12 ಇತ್ತು. ಹೆಣ್ಣು ಎಂದರೆ ಯಾವ ಹೆಣ್ಣು ಎಂದು ಪಟ್ಟಿ ಮಾಡಿದವರ ಮನಸ್ಸಿನಲ್ಲಿತ್ತೋ ಅದು ಹಾಗೇ ಅಚ್ಚಾಗಿತ್ತು. ಮಹಿಳೆಯರು ದನಿ ಎತ್ತಿದ ಮೇಲೆ 2018ರ ಜುಲೈನಲ್ಲಿ ಅದು ಸೊನ್ನೆಯಾಯಿತು. ಆದ್ದರಿಂದ ವಿನಾಯಿತಿ ಎಂದರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ; ಕೆಲವು ಕತೆಗಳನ್ನು ಕೇಳಲೇಬೇಕು. ಆದರೆ ಒಂದು ಕತೆ ಕೇಳಿದೊಡನೆ ಅದರ ಗಡಿ ಎಲ್ಲಿ ಎಂಬ ವ್ಯಾಜ್ಯ ಹುಟ್ಟುತ್ತದೆ. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಪರೋಟ ಎಂದರೆ ರೊಟ್ಟಿಯೇ ಎಂಬ ಪ್ರಶ್ನೆ ಬಂತು. ರೊಟ್ಟಿಯಾದರೆ ಶೇ. 5, ಅಲ್ಲವಾದರೆ 18. ರೊಟ್ಟಿಯಲ್ಲ ಎಂದು ತೀರ್ಪಾಯಿತು, ನಾಡೆಲ್ಲ ನಕ್ಕಿತು. 2025ರ ಸೆಪ್ಟೆಂಬರ್ 22ರಿಂದ ದರಗಳನ್ನು ಮುಖ್ಯವಾಗಿ 5 ಮತ್ತು 18ಕ್ಕೆ ಇಳಿಸಿ, ಕೆಲವು ಸರಕಿಗೆ 40 ಇಟ್ಟಾಗ ರೊಟ್ಟಿ ಪರೋಟ ಎರಡೂ ಸೊನ್ನೆಗೆ ಬಂದು ರಾಜಿಯಾದವು. ನಗು ಬರಿಸುವ ಈ ವ್ಯಾಜ್ಯದ ಬೇರು ಗಂಭೀರವಾದದ್ದು: ಎಲ್ಲರಿಗೂ ಕಿವಿಗೊಟ್ಟರೆ ಕಾನೂನು ನಿಘಂಟಾಗುತ್ತದೆ, ಯಾರಿಗೂ ಕಿವಿಗೊಡದಿದ್ದರೆ ಗಾದೆಯ ಸುಂಕದವನಾಗುತ್ತದೆ.

ಈಗ ಆ ಹುಡುಗಿಗೆ ಬರುತ್ತೇನೆ. ಅವಳ ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ. ಹಾಲಿನ ಪ್ಯಾಕೆಟ್ಟು, ಬನ್ನು, ಟೀ, ಬೀಡಿ ಸಿಗರೇಟು. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕದ ಆಧಾರದ ಮೇಲೆ ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಹೋದದ್ದು ಎಲ್ಲರಿಗೂ ನೆನಪಿರಬಹುದು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಆಗಬೇಕು ಎಂಬುದು ನಿಯಮ. ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ಸರಕು ಮಾರಿದವರೂ ಆ ಪಟ್ಟಿಯಲ್ಲಿದ್ದರು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಬಿದ್ದವು. ವರ್ತಕರು ಪ್ರತಿಭಟನೆಗೆ ಇಳಿದರು. ಮುಖ್ಯಮಂತ್ರಿ ಅವರ ಪ್ರತಿನಿಧಿಗಳ ಜೊತೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ಕೇಳುವುದಿಲ್ಲ ಎಂದು ಸಮಾಧಾನ ಮಾಡಿದರು. ಅವಳ ಅಪ್ಪನಿಗೆ ನೋಟಿಸು ಬಂದಿರಲಿಲ್ಲ. ಆದರೂ ಅವರು ಗಾಜಿನ ಭರಣಿಯ ಮೇಲೆ ಅಂಟಿಸಿದ್ದ ಕ್ಯೂಆರ್ ಚೀಟಿಯನ್ನು ಉಗುರಿನಲ್ಲಿ ಕೆರೆದು ತೆಗೆದರಂತೆ.

ಇದನ್ನು ಕೇಳಿದಾಗ ನನಗೆ ಕಾಲ್ಡರ್ ನೆನಪಾದರು. ಒಬ್ಬನ ಲೆಕ್ಕ ಇನ್ನೊಬ್ಬನ ಲೆಕ್ಕವನ್ನು ಕಾಯುವ ಬಲೆ 1956ರಲ್ಲಿ ಅವರ ಕನಸು. ಏಳು ದಶಕದ ಬಳಿಕ ಆ ಬಲೆ ನಿಜವಾಗಿದೆ. ಹತ್ತು ರೂಪಾಯಿಯ ಟೀ ಕೂಡ ಅದರಲ್ಲಿ ದಾಖಲಾಗುತ್ತದೆ. ಅವರು ಅದನ್ನು ಹೆಣೆದದ್ದು ತಿಮಿಂಗಿಲಕ್ಕೆಂದು. ಈ ಸಲ ಮೊದಲು ಸಿಕ್ಕಿದ್ದು ಮೀನಿನ ಮರಿಗಳು. ನೋಟಿಸಿನ ಹಿಂದಿನ ತರ್ಕ ತಪ್ಪು ಎಂದು ನಾನು ಹೇಳುವುದಿಲ್ಲ. 40 ಲಕ್ಷದ ವಹಿವಾಟು ಮಾಡಿದವನು ಲೆಕ್ಕದೊಳಗೆ ಬರಬೇಕಾದವನೇ. ಆದರೆ ನಂಬಿ ಚೀಟಿ ಅಂಟಿಸಿದವನಿಗೆ ಆ ಚೀಟಿಯೇ ಸಾಕ್ಷಿಯಾಗಿ ಎದುರು ನಿಂತರೆ, ಮುಂದಿನ ಸುಧಾರಣೆಗೆ ಅವನು ಏನನ್ನು ನಂಬಿ ಒಪ್ಪಿಕೊಳ್ಳಬೇಕು?

ಮೊನ್ನೆ ಅವಳನ್ನು ಕರೆದು ಇಷ್ಟನ್ನೂ ಹೇಳಿದೆ. ಸರ್ಕಾರಗಳಿಗೆ ಇಲ್ಲದಿರುವುದು ಇಚ್ಛಾಶಕ್ತಿಯಲ್ಲ, ಸಾಲ ಸಿಗುವಷ್ಟು ನಂಬಿಕೆ ಎಂದೆ. ಸುಧಾರಣೆ ಎಂದರೆ ಇವತ್ತು ಕೈಯಲ್ಲಿರುವುದನ್ನು ಬಿಡಿ, ನಾಳೆ ಕೊಡುತ್ತೇನೆ ಎನ್ನುವ ಸಾಲಪತ್ರ. ಹಳೆಯ ಸಾಲ ತೀರಿಸದವನಿಗೆ ಯಾರು ಹೊಸ ಸಾಲ ಕೊಡುತ್ತಾರೆ? ಕಳೆದುಕೊಳ್ಳುವವನಿಗೆ ತಾನು ಏನು ಕಳೆದುಕೊಳ್ಳುತ್ತೇನೆ ಎಂಬುದು ಪೈಸೆ ಲೆಕ್ಕದಲ್ಲಿ ಗೊತ್ತು, ಪಡೆಯುವವನಿಗೆ ತಾನು ಪಡೆಯುತ್ತೇನೆ ಎಂಬುದೇ ಗೊತ್ತಿರುವುದಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರೆ ಸರ್, ನಮ್ಮ ಮನೇಲಿ ಯಾರೂ ಟ್ಯಾಕ್ಸ್ ಕಟ್ಟೋರೇ ಅಲ್ಲ’ ಎಂದಳು. ಅವಳ ಕೈಯಲ್ಲಿ ಪೆನ್ನಿತ್ತು, ಚೀಲದಲ್ಲಿ ಮೊಬೈಲಿತ್ತು. ಎರಡಕ್ಕೂ ತೆರಿಗೆ ಕಟ್ಟಿಯೇ ತಂದಿದ್ದಾರೆ. ಅವರಮ್ಮ ಕೊಳ್ಳುವ ಸೋಪಿನಲ್ಲೂ ಅದು ಇದೆ. ಆದರೆ ನಮ್ಮ ಪತ್ರಿಕೆಗಳಲ್ಲಿ ‘ತೆರಿಗೆದಾರ’ ಎಂದರೆ ಆದಾಯ ತೆರಿಗೆ ಕಟ್ಟುವ ನನ್ನಂಥವನು ಮಾತ್ರ. ಕಟ್ಟುತ್ತಿರುವವರಿಗೇ ಕಟ್ಟುತ್ತಿದ್ದೇವೆ ಎಂದು ಗೊತ್ತಾಗದ ಹಾಗೆ ಒಂದು ಪದ ಕೆಲಸ ಮಾಡುತ್ತಿದೆ. ಸುಧಾರಣೆಯಿಂದ ಹೆಚ್ಚು ಪಡೆಯಬೇಕಾದವರು ಇವರೇ; ಈ ಕತೆಯಲ್ಲಿ ಪಾತ್ರವಾಗಿ ಇನ್ನೂ ಪ್ರವೇಶವನ್ನೇ ಮಾಡದವರೂ ಇವರೇ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರಿದ್ದರು. ಸುಂಕ ಎತ್ತುವುದು ಅವರ ಕಾಯಕ, ಬಂಕೇಶ್ವರಲಿಂಗ ಎಂಬುದು ಅವರ ವಚನಗಳ ಅಂಕಿತ. ಕಟ್ಟೆಯಲ್ಲಿ ಕೂತವನಿಗೂ ಕಿವಿಯೂ ಮಾತೂ ಇದ್ದವು ಎನ್ನುವುದಕ್ಕೆ ಅವರು ಸಾಕ್ಷಿ. ಅವರ ಹೆಸರನ್ನು ಆ ಹುಡುಗಿಗೆ ಬರೆದುಕೊಟ್ಟು, ಓದು ಎಂದು ಹೇಳಿ ಕಳಿಸಿದೆ. ಪ್ರಬಂಧದ ಆ ಕೊನೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದು ತರುವುದಾಗಿ ಹೇಳಿದ್ದಾಳೆ. ಇತ್ತ ನನ್ನ ಮೇಜಿನ ಮೇಲೆ ಈ ವರ್ಷದ ಅರ್ಜಿ ಬಂದು ಕೂತಿದೆ: ಹಳೆಯ ಪದ್ಧತಿಯೋ, ಹೊಸದೋ, ಒಂದಕ್ಕೆ ಗುರುತು ಹಾಕಬೇಕು. ಇಷ್ಟೆಲ್ಲ ಬರೆದ ಮೇಲೂ ನಾನು ಮೊದಲು ಹುಡುಕುತ್ತಿರುವುದು ಮನೆ ಸಾಲದ ಬಡ್ಡಿಯ ರಸೀದಿಯನ್ನು.